ಗಾಳಿಯ ಕಣ್ಣು

ಇನ್ನೂ ಅಕ್ಕ ಎಂದು ಕರೆಯಬಹುದೆಂದು ನಂಬಿ,

ನೀವು ನಿಘಂಟಿನ ಕಚೇರಿ ಬಿಟ್ಟು ಆರು ವಾರವಾಯಿತು. ಒಂದು ಇಂಗ್ಲಿಷ್ ಪದಕ್ಕೆ ಒಂದು ಕಾರ್ಡು. ಅರ್ಥ ಸಂಪಾದಕರದು, ಮೂಲ ನನ್ನದು, ಬಳಕೆಯ ವಾಕ್ಯ ನಿಮ್ಮದು. ಮೂಲ ಹುಡುಕುವವನಿಗೆ ಅನುಮಾನವೇ ಕಸುಬು. ಯಾವ ಪದ ಎಲ್ಲಿಂದ ಬಂದೆ ಎಂದರೂ ನಾನು ನಂಬುವುದಿಲ್ಲ. ಮನುಷ್ಯರನ್ನೂ ಹಾಗೆಯೇ ನೋಡುತ್ತಾ ಬಂದೆ.

‘ವಿಂಡೋ’ ಕಾರ್ಡು ನೆನಪಿದೆಯೇ? ಉತ್ತರದ ಕಡಲಿನವರ ಹಳೆಯ ನುಡಿಯಲ್ಲಿ ಅದು ‘ಗಾಳಿಯ ಕಣ್ಣು’ ಎಂದು ಬರೆದು ಕೊಟ್ಟಿದ್ದೆ. “ನಮ್ಮ ಗವಾಕ್ಷಾನೂ ಕಣ್ಣೇ ಅಲ್ವೇನಪ್ಪ, ಹಸುವಿನ ಕಣ್ಣು,” ಎಂದು ನಕ್ಕಿದ್ದಿರಿ. ಮರುದಿನ ಅದರ ಕೆಳಗೆ ನಿಮ್ಮ ವಾಕ್ಯವಿತ್ತು: ‘ಕಿಟಕಿಯ ಪಕ್ಕ ಕೂತವನು ಬೆಳಕನ್ನೆಲ್ಲ ತಾನೇ ಇಟ್ಟುಕೊಂಡಿದ್ದಾನೆ.’ ಕಿಟಕಿಯ ಪಕ್ಕ ಕೂರುವವನು ನಾನು. ಕಾರ್ಡುಗಳು ಹಾರುತ್ತವೆಂದು ಅದರ ಮರದ ಕದ ಮುಚ್ಚುವವನೂ ನಾನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡೆ. “ಬಳಕೆ ಅಂದ್ರೆ ಕಣ್ಣೆದುರು ಇರೋದನ್ನ ಬರೆಯೋದು, ಎಲ್ಲಿಂದಲೋ ಕದ್ದು ತರೋದಲ್ಲ,” ಎಂದು ನೀವು ಹೇಳುತ್ತಿದ್ದುದೂ ಆಗ ಚುಚ್ಚುಮಾತಾಗಿ ಕೇಳಿಸಿತು.

ಅಂದಿನಿಂದ ನಿಮ್ಮ ಮೇಲೆ ಕಣ್ಣಿಡತೊಡಗಿದೆ. ಸಂಜೆ ನನ್ನ ಕಾರ್ಡುಗಳನ್ನೇ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಿರಿ. ನಾನು ಹತ್ತಿರ ಬಂದರೆ ಜಿಪ್ ಎಳೆಯುತ್ತಿದ್ದಿರಿ. ನನ್ನ ಹತ್ತು ವರ್ಷದ ದುಡಿಮೆ ಪೈಪೋಟಿಗೆ ನಿಘಂಟು ತರುತ್ತಿದ್ದ ಎದುರು ಬೀದಿಯ ಪ್ರಕಾಶಕರ ಪಾಲಾಗುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಸಂಪಾದಕರ ಕಿವಿ ಕಚ್ಚಿದೆ. ಹೌದು ಅಕ್ಕ, ಹೇಳಿದ್ದು ನಾನೇ.

ಎಲ್ಲರ ಎದುರು ನಿಮ್ಮ ಚೀಲ ತೆರೆಸಿದರು. ಒಂದು ಭೂತಗನ್ನಡಿ, ನನ್ನ ಕಾರ್ಡುಗಳು, ಅವನ್ನೇ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ ನಕಲು ಮಾಡಿಕೊಂಡ ಹಾಳೆಗಳು. “ಕಣ್ಣು ಮಂಜಾಗಿದೆ ಅಂದ್ರೆ ಮನೆಗೆ ಕಳಿಸಿಬಿಡ್ತೀರಿ ಅಂತ ಹೇಳ್ಲಿಲ್ಲ,” ಎಂದಿರಿ. ಮನೆಗೇ ಕಳಿಸಿದರು. ನನ್ನ ಇರುವೆಸಾಲಿನಂಥ ಅಕ್ಷರ ಓದಲು ನಿಮಗೆ ಬೆಳಕು ಬೇಕಿತ್ತು, ಅಷ್ಟೇ. ಬಾಯಿಬಿಟ್ಟು ಕೇಳಲಾರದ್ದನ್ನು ಕಾರ್ಡಿನಲ್ಲಿ ಕೇಳಿದ್ದಿರಿ.

ಈಗ ಮುಖಗಳೂ ಗೊತ್ತಾಗುವುದಿಲ್ಲವಂತೆ. ಇದನ್ನು ಅಂಚೆಗೆ ಹಾಕಿದರೆ ನಿಮ್ಮ ಸೊಸೆ ಓದಿ ಹೇಳಬೇಕು. ನಿಮಗೆ ನೋವಾದೀತೆಂದು ಆಕೆ ನಡುವೆ ಒಂದು ಸಾಲು ನುಂಗಿದರೆ? ಆಕೆಯ ಮೇಲೂ ನನಗೆ ಅನುಮಾನ. ಹುಟ್ಟುಗುಣ ಸುಟ್ಟರೂ ಹೋಗದು. ಅದಕ್ಕೇ ಭಾನುವಾರ ನಾನೇ ಬಂದು ಓದುತ್ತೇನೆ. ‘ಹೇಳಿದ್ದು ನಾನೇ’ ಎಂಬಲ್ಲಿಗೆ ಬಂದಾಗ ನಿಮ್ಮ ಮುಖ ನನಗೆ ಕಾಣುತ್ತದೆ, ನನ್ನದು ನಿಮಗೆ ಕಾಣುವುದಿಲ್ಲ. ಅದಕ್ಕೂ ಸೇರಿಸಿ ಕ್ಷಮೆ ಕೇಳುತ್ತೇನೆ.

ಹರಸಲು ಚಿಕ್ಕವನು, ನೀವು ಚೆನ್ನಾಗಿರಬೇಕು ಎಂದಷ್ಟೇ ಬೇಡಿಕೊಳ್ಳುವ,

ಪಕ್ಕದ ಮೇಜಿನ ತಮ್ಮ