ಹೂಜಿಗೆ ಸೇರದ ಹಿಡಿಕೆ

ನವೆಂಬರ್ ೯, ಶನಿವಾರ

ಪ್ರೀತಿಯ ತಂಗಿಗೆ,

ಅಕ್ಕನ ನೆನಪುಗಳು. ನಾವಿಬ್ಬರೂ ಕ್ಷೇಮ, ನನ್ನ ಎಡಮಂಡಿಯೊಂದನ್ನು ಬಿಟ್ಟು. ಮನೆ ಬದಲಾಯಿಸಿದ್ದೇನೆ ಎಂದು ನೀನು ಬರೆದ ಕಾರ್ಡು ಬಂದು ಎಂಟು ತಿಂಗಳಾಯಿತು. ಹನ್ನೊಂದು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಸಾಲು. ಕೂಡಲೇ ಉತ್ತರ ಬರೆಯಬೇಕಿತ್ತು. ಕೂತೆ, ಬರೆದೆ, ಹರಿದೆ. ಸೋಮಾರಿತನ ಎಂದುಕೊಳ್ಳಬೇಡ, ಅಂಜಿಕೆ. ಈ ಸಲ ಹರಿಯುವುದಿಲ್ಲ. ನೀನು ಮತ್ತೆ ನನ್ನ ಮನೆ ಬಾಗಿಲು ತುಳಿಯಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊನ್ನೆ ನಿನ್ನ ಭಾವನ ಜೊತೆ ಕೋಟೆಯ ಮ್ಯೂಸಿಯಮ್ಮಿಗೆ ಹೋಗಿದ್ದೆ. ನಿವೃತ್ತಿಯಾದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಇವರೇ ಹಟ ಹಿಡಿದರು. "ಮೂವತ್ತು ವರ್ಷ ಬಗ್ಗಿ ಕೂತು ಮಡಕೆ ಚೂರು ಜೋಡಿಸ್ದೆ. ಒಂದಿನಾದ್ರೂ ಜನರ ಹಾಗೆ ಎದುರು ನಿಂತು ನೋಡಿದ್ದೀಯಾ? ನಡಿ" ಎಂದರು. ಕಂದಕದ ಸೇತುವೆಗೆ ಹೊಸ ಹಲಗೆ ಹಾಕಿದ್ದಾರೆ. ಬುರುಜಿನ ಸುತ್ತುಮೆಟ್ಟಿಲು ಮಾತ್ರ ಹಳೆಯದೇ. ಶತ್ರುಗಳು ಹತ್ತದಿರಲಿ ಎಂದು ಕಟ್ಟಿಸಿದ್ದು ಈಗ ನನ್ನಂಥವರನ್ನು ತಡೆಯುತ್ತಿದೆ. ನಾಲ್ಕು ಸಲ ಕೂತು ಹತ್ತಿದೆ. ನಿನ್ನ ಭಾವ ಒಂದು ಚೀಟಿಯನ್ನೂ ಬಿಡದೆ ಜೋರಾಗಿ ಓದುತ್ತಾ ಬಂದರು, ಇಡೀ ಕೋಟೆಗೇ ಪಾಠ ಮಾಡುವವರ ಹಾಗೆ. ಎರಡನೆಯ ಅಂತಸ್ತಿನಲ್ಲಿ ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು.

ಅದು ನಮ್ಮ ಹೂಜಿಯ ಗಾಜಿನ ಪೆಟ್ಟಿಗೆ. ಹೂಜಿ ಇದೆ, ಹಿಡಿಕೆ ಇಲ್ಲ. ಹಿಡಿಕೆಯನ್ನು ಬಿಡಿಸಿ ಪಕ್ಕದಲ್ಲಿ ಒಂದು ತಟ್ಟೆಯಲ್ಲಿಟ್ಟಿದ್ದಾರೆ. 'ಹಿಂದೆ ಅಂಟಿಸಲಾಗಿದ್ದ ಈ ಹಿಡಿಕೆ ಬೇರೆ ಪಾತ್ರೆಯದು' ಎಂದು ಚೀಟಿ. ಅಂದು ನೀನು ಹೇಳಿದ್ದೂ ಅದನ್ನೇ.

ನಾವಿಬ್ಬರೂ ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದಾಗಿನ ಆ ಜಗಳ ನಿನಗೆ ಮರೆತಿರಲಾರದು. ಹಿಡಿಕೆ ಇದರದ್ದಲ್ಲ ಎಂದು ನೀನು, ಇದರದ್ದೇ ಎಂದು ನಾನು. ಮೂರು ದಿನ ಜಟಾಪಟಿ. ನಾಲ್ಕನೆಯ ದಿನ ನಮ್ಮ ಮುಖ್ಯಸ್ಥರು ಎತ್ತಿ ನೋಡಿದರೆ ಹಿಡಿಕೆಯ ಮುರಿದ ಅಂಚನ್ನು ಯಾರೋ ಅರದಿಂದ ಉಜ್ಜಿದ್ದರು. ಮುರಿದ ಅಂಚನ್ನು ಮುಟ್ಟಬಾರದು ಎಂಬುದು ನಾನೇ ನಿನಗೆ ಕಲಿಸಿದ ಮೊದಲ ಪಾಠ. ಚೂರು ಯಾವ ಪಾತ್ರೆಯದೆಂದು ಹೇಳುವುದೇ ಆ ಅಂಚು. ಹಿಡಿಕೆ ಕೂರುವುದಿಲ್ಲ ಎಂದು ತೋರಿಸಲು ನೀನೇ ಅದನ್ನು ಕೆಡಿಸಿದೆ ಎಂದು ಅವರು ತೀರ್ಮಾನಿಸಿದರು. "ನಾನಲ್ಲ ಸರ್" ಎಂದು ಹೇಳಿ ನೀನು ನನ್ನ ಕಡೆ ನೋಡಿದೆ. "ನಂಗೊತ್ತಿಲ್ಲ ಸರ್" ಎಂದೆ ನಾನು. ಸಂಜೆಯೊಳಗೆ ನಿನ್ನ ಕೆಲಸ ಹೋಯಿತು. ನಾನು ಸಂದಿಗೆ ಪ್ಲಾಸ್ಟರ್ ತುಂಬಿ ಹಿಡಿಕೆ ಅಂಟಿಸಿದೆ.

ನಾವು ಬಹಳ ಹೊತ್ತು ನಿಂತಿದ್ದನ್ನು ಕಂಡು ಈಗ ನನ್ನ ಕುರ್ಚಿಯಲ್ಲಿ ಕೂರುವವರು ಹೊರಗೆ ಬಂದರು. ನಲವತ್ತರ ಆಸುಪಾಸು, ಮೂಗಿನ ತುದಿಗೆ ಕನ್ನಡಕ, ಮಾತು ಸ್ವಲ್ಪ ಜಾಸ್ತಿ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. "ಈ ಹಿಡಿಕೆ ಅನಾಥ ಆಗ್ಬಿಟ್ಟಿದೆ ಅಮ್ಮ. ಅಂಚು ಸರಿಯಾಗಿದ್ದಿದ್ರೆ ಇದರ ಪಾತ್ರೆ ಯಾವ್ದು ಅಂತ ಹುಡುಕ್ತಿದ್ದೆ. ಯಾರೋ ಉಜ್ಜಿ ಹಾಳು ಮಾಡಿದ್ದಾರೆ. ದಫ್ತರದಲ್ಲಿ ಹೆಸರೂ ಇದೆ" ಎಂದು ನಿನ್ನ ಹೆಸರು ಹೇಳಿದರು.

ನಿನ್ನ ಭಾವನಿಗೆ ಸಿಟ್ಟು ನೆತ್ತಿಗೇರಿತು. "ಅವಳು ನನ್ನ ನಾದಿನಿ. ಅಂಥ ಕೆಲಸ ಮಾಡೋಳಲ್ಲ ಸ್ವಾಮಿ!" ಎಂದು ರೇಗಿದರು. ಪಾಪ, ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ಕನ್ನಡಕ ತೆಗೆದರು. ನಾನು ಸೆರಗಿನಿಂದ ಗಾಜಿನ ಧೂಳು ಒರೆಸುತ್ತಾ ನಿಂತಿದ್ದೆ. ದಾರಿಯಲ್ಲಿ ಇವರು, "ನೀನ್ಯಾಕೆ ಬಾಯಿ ಬಿಡಲಿಲ್ಲ?" ಎಂದು ಕೇಳಿದರು. ಮಂಡಿ ನೋವು ಎಂದೆ.

ಹೂಜಿಯ ವಿಷಯದಲ್ಲಿ ನೀನೇ ಸರಿ. ಹನ್ನೊಂದು ವರ್ಷ ತಡವಾಗಿ ಒಪ್ಪಿಕೊಳ್ಳುತ್ತಿದ್ದೇನೆ, ಬೈದುಕೋ. ಬೈಯುವುದಕ್ಕಾದರೂ ಒಂದು ವಾರದ ಮಟ್ಟಿಗೆ ಬಂದು ಹೋಗು. ಕಿಟಕಿ ಪಕ್ಕದ ಕೋಣೆ ಗುಡಿಸಿ ಇಟ್ಟಿದ್ದೇನೆ. ಇವರೂ ದಿನಕ್ಕೆರಡು ಸಲ ನಿನ್ನ ಮಾತೆತ್ತುತ್ತಾರೆ.

ಕೈಕಾಲು ಗಟ್ಟಿಯಾಗಿರಲಿ, ಕಣ್ಣು ಅಂದಿನಷ್ಟೇ ಚುರುಕಾಗಿರಲಿ, ಹೊಸ ಮನೆಯಲ್ಲಿ ನೆಮ್ಮದಿಯ ನಿದ್ದೆ ಬರಲಿ.

ನಿನ್ನ
ಅಕ್ಕ

ಮರೆತು ಉಳಿದ ಮಾತಲ್ಲ ಇದು. ಸಹಿ ಹಾಕುವವರೆಗೆ ಧೈರ್ಯ ಬರಲಿಲ್ಲ. ಅರ ಹಿಡಿದದ್ದು ನಾನು. ನೀನು ಊಟಕ್ಕೆ ಎದ್ದು ಹೋದ ಅರ್ಧ ಗಂಟೆಯಲ್ಲಿ, ಹೇಗಾದರೂ ಹಿಡಿಕೆ ಕೂರಲಿ ಎಂದು ಉಜ್ಜಿದೆ. ನೀನು ಬಾಯಿಬಿಟ್ಟ ಕ್ಷಣವೇ ನಿನ್ನ ಮಾತು ಸರಿಯೆಂದು ನನಗೆ ಗೊತ್ತಾಗಿತ್ತು. ನಾನು ಕೆಲಸ ಕಲಿಸಿದ ತಂಗಿ ನನಗಿಂತ ಮುಂದೆ ಹೋದಳಲ್ಲ ಎಂದು ಹೊಟ್ಟೆ ಉರಿಯಿತು. ಸೋಮವಾರ ಹೋಗಿ ದಫ್ತರದಲ್ಲಿ ನಿನ್ನ ಹೆಸರು ಹೊಡೆದುಹಾಕಿಸಿ ನನ್ನದನ್ನು ಬರೆಸುತ್ತೇನೆ. ನಿನ್ನ ಭಾವನಿಗೆ ಈ ಕಾಗದ ಅಂಚೆಗೆ ಹಾಕಿ ಬಂದು ಹೇಳುತ್ತೇನೆ. ಮೊದಲು ಕೇಳಬೇಕಾದವಳು ನೀನು. ಇದನ್ನು ಓದಿದ ಮೇಲೂ ಬರಬೇಕೆನ್ನಿಸಿದರೆ ಬಾ. ಅನ್ನಿಸದಿದ್ದರೆ ಬರಬೇಡ, ಮೇಲಿನ ಆಶೀರ್ವಾದ ಮಾತ್ರ ಬೇಡವೆನ್ನದೆ ಇಟ್ಟುಕೋ.