ಹದಿನೈದನೇ ಪ್ರಶ್ನೆ

ನವೆಂಬರ್ 12, ಮಂಗಳವಾರ. ಸಂಜೆ 6.30

38 ಫಾರಂ ಭರ್ತಿ. ಗೈರು ಇಬ್ಬರು. ಎಣಿಸಿ ಹೇಳಿದ್ದು ಸಮೀಕ್ಷೆಯ ಜೊತೆಗಾರ ಮಲ್ಲಿಕ್. ವಾಪಸ್ ಬರುವಾಗ ಬಸ್ಸಿನಲ್ಲಿ ನಾನೂ ಎಣಿಸಿದೆ, ಸರಿಯಿದೆ. ಭದ್ರಾವತಿಯ ಮೂರನೇ ಶಾಲೆ ಮುಗಿಯಿತು. ಎಂಟನೇ ತರಗತಿ, ಕನ್ನಡ ಮಾಧ್ಯಮ. ಶಿವಮೊಗ್ಗದವು ನಾಲ್ಕು ಬಾಕಿ.

22 ಪ್ರಶ್ನೆ, 40 ನಿಮಿಷ. ಎಲ್ಲ ಕಡೆ ಕೇಳುವುದನ್ನೇ ಇಲ್ಲೂ ಕೇಳಿದರು — ಎಷ್ಟು ಮಾರ್ಕ್ಸು ಸರ್? ಇದು ಪರೀಕ್ಷೆಯಲ್ಲ, ಸಮೀಕ್ಷೆ ಎಂದೆ. ಸರಿ, ತಪ್ಪು ಅಂತ ಇಲ್ಲ, ಅನಿಸಿದ್ದು ಬರೆಯಿರಿ. ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ಕೊನೆಯ ವಾಕ್ಯ ಫಾರಮ್ಮಿನ ತಲೆಯಲ್ಲೇ ಅಚ್ಚಾಗಿದೆ. ಓದಿ ಹೇಳಿದೆ.

14ನೇ ಪ್ರಶ್ನೆ: ತರಗತಿಯಲ್ಲಿ ಯಾರ ಪಕ್ಕ ಕೂರಲು ನಿಮಗೆ ಇಷ್ಟ? ಪೆನ್ನುಗಳು ಸಲೀಸಾಗಿ ಓಡಿದವು. 15: ಯಾರ ಪಕ್ಕ ಕೂರಲು ಇಷ್ಟವಿಲ್ಲ? ಇಲ್ಲಿ ಎಲ್ಲರ ಪೆನ್ನೂ ನಿಂತಿತು. ಇನಿಷಿಯಲ್ ಬೇಕಾ, ಖಾಲಿ ಬಿಡಬಹುದಾ... ಗಲಾಟೆ. ಯಾವುದನ್ನೂ ಖಾಲಿ ಬಿಡಬೇಡಿ ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳ ಹೆಸರು ಕೇಳಿ, ಬರೀ ಹೆಸರು ಸಾಕು, ಹೀಗೆ — ಎಂದು ಬೋರ್ಡ್ ಮೇಲೆ ಬರೆದು ತೋರಿಸಿದೆ. ಅಷ್ಟರಲ್ಲಿ ಹೆಡ್‌ಮಾಸ್ಟರ್ ಏಕಾಂತಪ್ಪನವರಿಂದ ಕಾಫಿಗೆ ಕರೆ. ಮಲ್ಲಿಕ್ ಆಫೀಸಿನಲ್ಲಿ ಹಾಜರಿ ಅಂಕಿಅಂಶ ಬರೆದುಕೊಳ್ಳುತ್ತಿದ್ದ. ನಾನು ಮರಳುವ ಹೊತ್ತಿಗೆ ಕ್ಲಾಸ್ ಟೀಚರ್ ಸುಮನಾ ಮೇಡಂ ಫಾರಂಗಳನ್ನೆಲ್ಲ ತೆಗೆದುಕೊಂಡು ಅಚ್ಚುಕಟ್ಟಾಗಿ ಜೋಡಿಸಿ ಇಟ್ಟಿದ್ದರು. ಒಳ್ಳೆಯ ಹೆಣ್ಣುಮಗಳು.

ನವೆಂಬರ್ 26, ಮಂಗಳವಾರ

ಆ ತರಗತಿಯ 38 ಮಕ್ಕಳಲ್ಲಿ 29 ಮಂದಿ 15ನೇ ಪ್ರಶ್ನೆಗೆ ಒಂದೇ ಹೆಸರು ಕೊಟ್ಟಿದ್ದಾರೆ. ಕಂಪ್ಯೂಟರಿಗೆ ಏರಿಸುವಾಗ ಕಂಡದ್ದು ನಾನೇ. ಉಳಿದ ಶಾಲೆಗಳಲ್ಲಿ ಒಂದು ಹೆಸರು ಹೆಚ್ಚೆಂದರೆ ಆರು ಸಲ ಬಂದಿದೆ.

ಹೆಸರು ವಳ್ಳಿ. ತಮಿಳು ಮನೆಯವಳು. ಅಜ್ಜ ಕಾರ್ಖಾನೆ ಕೆಲಸಕ್ಕೆ ಬಂದವರು, ತಾಯಿ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್. ಎಲ್ಲ ಅವಳ ಫಾರಮ್ಮಿನಲ್ಲೇ ಇದೆ. ದುಂಡು ಅಕ್ಷರ. ವಿಚಿತ್ರವೆಂದರೆ 15ಕ್ಕೆ ಅವಳೂ ತನ್ನ ಹೆಸರನ್ನೇ ಬರೆದಿದ್ದಾಳೆ.

ಪ್ರಾಜೆಕ್ಟ್ ಮುಖ್ಯಸ್ಥ ತ್ರಿವಿಕ್ರಮ ಸರ್ ನನ್ನ ಮೇಜಿನ ತನಕ ಎದ್ದು ಬಂದರು. ಆರು ತಿಂಗಳಲ್ಲಿ ಮೊದಲ ಸಲ.

"ದೇವರಾಜ್, ಇಡೀ ಪ್ರಾಜೆಕ್ಟಿಗೆ ಇದೊಂದು ಟೇಬಲ್ ಸಾಕು ರೀ."

ಭಾಷಾ ಅಲ್ಪಸಂಖ್ಯಾತರ ಬಗ್ಗೆ ತರಗತಿಯ ನಿರಾಕರಣೆ — ಶೇ. 76. ಹುಡುಗಿಯದು ಸ್ವ-ನಿರಾಕರಣೆಯಂತೆ. ಆ ಪದವನ್ನು ದಪ್ಪಕ್ಷರದಲ್ಲಿ ಹಾಕಿಸಿದರು. ನಾನೂ ಹಾಕಿದೆ.

ಡಿಸೆಂಬರ್ 2, ಸೋಮವಾರ

ವಳ್ಳಿ ಎಂಟು ದಿನದಿಂದ ಶಾಲೆಗೆ ಬಂದಿಲ್ಲ. ತಾಯಿ ಟಿ.ಸಿ.ಗೆ ಅರ್ಜಿ ಕೊಟ್ಟಿದ್ದಾರೆ. ಹೇಳಿದ್ದು ಮಲ್ಲಿಕ್, ಅವನ ಮನೆ ಭದ್ರಾವತಿಯಲ್ಲೇ, ಅಕ್ಕನ ಮಗಳು ಅದೇ ಶಾಲೆ.

ಸುಮನಾ ಮೇಡಂ ಅಂದು ಫಾರಂ ಜೋಡಿಸುವಾಗ 15ನ್ನು ಓದಿದ್ದಾರೆ. ನೊಂದುಕೊಂಡಿದ್ದಾರೆ. ನ. 14ರ ಮಕ್ಕಳ ದಿನಾಚರಣೆಯಲ್ಲಿ ವಳ್ಳಿಯನ್ನು ಮುಂದೆ ನಿಲ್ಲಿಸಿ, ಇವಳೂ ನಮ್ಮವಳೇ, ಇವಳ ಪಕ್ಕ ಕೂರುವುದಿಲ್ಲ ಅಂತ ಇನ್ನು ಯಾರೂ ಬರೆಯಬಾರದು ಎಂದು ಬುದ್ಧಿ ಹೇಳಿದ್ದಾರೆ. ಚಪ್ಪಾಳೆ ತಟ್ಟಿಸಿದ್ದಾರೆ. ಮರುದಿನದಿಂದ ಅವಳ ಬೆಂಚಿನಲ್ಲಿ ಅವಳೊಬ್ಬಳೇ. ಯಾರೋ ಬೆಂಚಿಗೆ ಸೀಮೆಸುಣ್ಣದ ಗೆರೆ ಎಳೆದರಂತೆ.

ಯಾರಿಗೂ ಗೊತ್ತಾಗುವುದಿಲ್ಲ ಎಂದು ಓದಿ ಹೇಳಿದವನು ನಾನು.

ಡಿಸೆಂಬರ್ 3, ಮಂಗಳವಾರ. ಮಧ್ಯಾಹ್ನ

ಕಟ್ಟು ಬಿಚ್ಚಿ 38 ಫಾರಂ ಮತ್ತೆ ಓದಿದೆ. ಕಂಪ್ಯೂಟರಿನಲ್ಲಲ್ಲ, ಕೈಯಲ್ಲಿ ಹಿಡಿದು. ನಮ್ಮ ಪತ್ರಿಕೆ ಮುಚ್ಚುವವರೆಗೆ ಇಪ್ಪತ್ತೊಂದು ವರ್ಷ ಪ್ರೂಫ್ ನೋಡಿದ ಕಣ್ಣು. ಮೊದಲ ಸಲ ಯಾಕೆ ಕಾಣಲಿಲ್ಲವೋ. ಅಂದು ಕೋಡ್ ನಂಬರ್ ಏರಿಸುವ ಗಡಿಬಿಡಿಯಲ್ಲಿದ್ದೆ.

15ನೇ ಪ್ರಶ್ನೆಯ 29 ಉತ್ತರಗಳಲ್ಲಿ 28 — "ವಲ್ಲಿ". ಲ. ಒಂದರಲ್ಲಿ ಮಾತ್ರ "ವಳ್ಳಿ". ಅದು ಅವಳದೇ ಫಾರಂ.

14ನೇ ಪ್ರಶ್ನೆಯನ್ನೂ ನೋಡಿದೆ. ಐದು ಮಕ್ಕಳಿಗೆ ಅವಳ ಪಕ್ಕ ಕೂರಲು ಇಷ್ಟ. ಐವರೂ ಅಲ್ಲಿ "ವಳ್ಳಿ" ಎಂದು ಸರಿಯಾಗಿ ಬರೆದಿದ್ದಾರೆ. ಅದೇ ಐವರು, ಅದೇ ಪೆನ್ನಿನಲ್ಲಿ, ಕೆಳಗಿನ ಸಾಲಿನಲ್ಲಿ "ವಲ್ಲಿ". ಮೇಲೆ ಇಷ್ಟ, ಕೆಳಗೆ ಇಷ್ಟವಿಲ್ಲ.

ನೋಡಿ ಬರೆದದ್ದು. ಒಬ್ಬರು ಶುರು ಮಾಡಿರಬೇಕು. ಯಾರೆಂದು ತಿಳಿಯಬೇಕು.

ಡಿಸೆಂಬರ್ 5, ಗುರುವಾರ

ಯಾರೆಂದು ತಿಳಿಯಿತು. ಹೇಳಿದವಳು ಅನುಷಾ, ಎರಡು ವರ್ಷದಿಂದ ವಳ್ಳಿಯ ಪಕ್ಕ ಕೂತವಳು, ಐವರಲ್ಲಿ ಒಬ್ಬಳು. ಊಟದ ಬಿಡುವಿನಲ್ಲಿ ಸುಮನಾ ಮೇಡಂ ಎದುರೇ ಕೇಳಿದೆ. ಬೈಯುವುದಿಲ್ಲ, ಮೊದಲು ಬರೆದದ್ದು ಯಾರು ಹೇಳು ಸಾಕು.

ಹುಡುಗಿ ನನ್ನನ್ನು ಒಂದು ಥರ ನೋಡಿದಳು.

"ನೀವೇ ಅಲ್ವಾ ಸರ್? ಬೋರ್ಡ್ ಮೇಲೆ ಬರ್ದು, ಹೀಗೆ ಬರೀರಿ ಅಂದ್ರಿ. ಖಾಲಿ ಬಿಡಬೇಡಿ ಅಂತಾನೂ ಅಂದ್ರಿ."

ಮುಂದಿನ ಬೆಂಚಿನ ಹುಡುಗಿ. ಹೆಸರು ಕೇಳಿದ್ದೆ. ಕಿವಿಗೆ ಬಿದ್ದ ಹಾಗೆ ಬರೆದಿದ್ದೆ. ಒರೆಸದೆ ಕಾಫಿಗೆ ಹೋಗಿದ್ದೆ. ಬೋರ್ಡಿನ ಮೇಲಿರುವುದು ಉತ್ತರ. ಒಂದನೇ ತರಗತಿಯಿಂದ ಆ ಮಕ್ಕಳಿಗೆ ಕಲಿಸಿರುವುದು ಅದೇ. ಬರೆಯದೆ ಇದ್ದ ಒಂಬತ್ತು ಮಂದಿಯದೇ ಆಶ್ಚರ್ಯ.

ಲ ನನ್ನದು.

ಸುಮನಾ ಮೇಡಂ ಊಟ ನಿಲ್ಲಿಸಿದರು. ಡಬ್ಬಿ ಮುಚ್ಚಿಟ್ಟರು. ಅರ್ಧ ಅನ್ನ ಹಾಗೇ ಇತ್ತು.

ಡಿಸೆಂಬರ್ 6, ಶುಕ್ರವಾರ

ಸೋಮವಾರ 11ಕ್ಕೆ ಟಿ.ಸಿ. ಕೊಡುತ್ತಾರೆ. ಹೇಳಿದ್ದು ವಳ್ಳಿಯ ತಾಯಿ, ಸಂಜೆ, ಮನೆ ಬಾಗಿಲಲ್ಲಿ. ಶಿಫ್ಟ್ ಮುಗಿಸಿ ಆಗ ತಾನೇ ಬಂದಿದ್ದರು. ಮಲ್ಲಿಕ್ ಜೊತೆಗಿದ್ದ. ನಾನು ಯಾರೆಂದು ಹೇಳಿದೆ. ಆದದ್ದನ್ನು ಹೇಳಿದೆ.

"ನಮ್ಮಪ್ಪ ಇಲ್ಲೇ ದುಡಿದು ಇಲ್ಲೇ ಮಣ್ಣಾದ್ರು. ಒಂದಿನ ಯಾರೂ ಅಂದಿರ್ಲಿಲ್ಲ ಸರ್, ನೀವು ಬೇರೆಯೋರು ಅಂತ. ಒಂದು ಪೇಪರ್ ಹಿಡ್ಕೊಂಡು ಬಂದ್ರಿ ನೋಡಿ."

ಕೃಷ್ಣಗಿರಿಯಲ್ಲಿ ಅವರ ತಂಗಿ ಇದ್ದಾರೆ. ಅಲ್ಲಿಗೆ ಕಳಿಸುತ್ತಾರೆ. ಅಲ್ಲಿನ ಶಾಲೆ ತಮಿಳು ಮಾಧ್ಯಮ. ವಳ್ಳಿಗೆ ತಮಿಳು ಮಾತು ಬರುತ್ತದೆ, ಓದಲು ಬರುವುದಿಲ್ಲ, ಒಂದಕ್ಷರವೂ ಬರುವುದಿಲ್ಲ. ಹಾಗಾದರೆ ಓದು ನಿಂತ ಹಾಗೇ ಅಲ್ಲವೇ ಎಂದೆ. ತಂಗಿಗೆ ಮನೆಯಲ್ಲಿ ಕೆಲಸಕ್ಕೊಂದು ಜನ ಬೇಕಂತೆ. ಅಷ್ಟೇ ಹೇಳಿದರು.

ವಳ್ಳಿ ಒಳಗಿದ್ದಳು. ಕರೆದ ಮೇಲೆ ಬಂದಳು. ನೀನೂ ಯಾಕಮ್ಮ ನಿನ್ನ ಹೆಸರೇ ಬರೆದೆ?

"ಅದೇ ಉತ್ತರ ಅಂದ್ಕೊಂಡೆ ಸರ್. ನೀವು ತಪ್ಪು ಬರ್ದಿದ್ರಿ, ಅದನ್ನ ಸರಿ ಮಾಡಿ ಬರ್ದೆ."

ದಪ್ಪಕ್ಷರದ ಸ್ವ-ನಿರಾಕರಣೆ.

ನಾಳೆ ನಿನ್ನ ಕ್ಲಾಸಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ, ಅವರು ಬೋರ್ಡ್ ನೋಡಿ ಬರೆದದ್ದಷ್ಟೇ, ನಿನ್ನ ಮೇಲೆ ಏನೂ ಇಲ್ಲ ಎಂದೆ. ಅವಳು ತಾಯಿಯ ಕಡೆ ನೋಡಿ ಹೇಳಿದಳು:

"ಅವತ್ತು ನೋಡಿ ಬರ್ದ್ರು ಸರ್. ಈಗ ನೋಡ್ದೇನೇ ಮಾಡ್ತಾರೆ."

ವಾಪಸ್ ಬರುವಾಗ ಮಲ್ಲಿಕ್ ಬಸ್‌ಸ್ಟ್ಯಾಂಡ್ ತನಕ ಬಂದ. ಕೊನೆಗೆ, "ಇನ್ನು ಮೇಲೆ ಬೋರ್ಡ್ ಮೇಲೆ ನಿಮ್ಮ ಹೆಸರೇ ಬರ್ಕೊಳ್ಳಿ ಮಾರಾಯ್ರೆ" ಎಂದ. ತಮಾಷೆಗೆ ಅಂದದ್ದಲ್ಲ.

ಡಿಸೆಂಬರ್ 7, ಶನಿವಾರ

ತರಗತಿಗೆ ಹೇಳಿದ್ದಾಯಿತು. ಹಾಜರು 36. ಏಕಾಂತಪ್ಪನವರು ಹತ್ತು ನಿಮಿಷ ಕೊಟ್ಟಿದ್ದರು, ಏಳು ಸಾಕಾಯಿತು. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಒಳಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ನಾಲ್ಕು ಸಾಲು. ಅದೇ ಧಾಟಿ ಬಂದುಬಿಟ್ಟಿತು. ಆ ಹೆಸರು ಬರೆದದ್ದು ನಾನು, ಅದು ಉತ್ತರವಲ್ಲ, ಬರೆಯುವ ಕ್ರಮಕ್ಕೆ ಉದಾಹರಣೆ, ತಪ್ಪು ನನ್ನದು. ವಳ್ಳಿ ಸೋಮವಾರ ಟಿ.ಸಿ. ತೆಗೆದುಕೊಳ್ಳುವ ಮುಂಚೆ ಯಾರಾದರೂ ಹೋಗಿ ಕರೆಯಿರಿ ಎಂದೆ.

ಅನುಷಾ ತಲೆ ತಗ್ಗಿಸಿದ್ದಳು. ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ವಿನಯದಿಂದಲೇ ಕೇಳಿದ.

"ಹಂಗಾದ್ರೆ ಹದಿನೈದಕ್ಕೆ ಸರಿ ಉತ್ತರ ಯಾರು ಸರ್?"

ಕೆಲವರು ಪೆನ್ನು ತೆಗೆದಿದ್ದರು.

ಡಿಸೆಂಬರ್ 8, ಭಾನುವಾರ. ಬೆಳಿಗ್ಗೆ 11

ಕೋಷ್ಟಕ 4, ಆ ಶೇ. 76ರ ಟೇಬಲ್, ವರದಿಯಲ್ಲಿ ಉಳಿಯುತ್ತದೆ. ಫೋನಿನಲ್ಲಿ ಹೇಳಿದ್ದು ತ್ರಿವಿಕ್ರಮ ಸರ್. ಎಲ್ಲ ವಿವರಿಸಿದೆ — ಬೋರ್ಡು, ಲ, 14 ಮತ್ತು 15. ತಾಳ್ಮೆಯಿಂದ ಕೇಳಿದರು. ಎರಡೂ ಕಡೆ ಒಂದೇ ಹೆಸರಿರುವ ಐದು ಫಾರಂ ತೆಗೆದುಬಿಡಿ ಎಂದರು. ಆಗ 33ರಲ್ಲಿ 24. ಶೇ. 73. ದೊಡ್ಡ ವ್ಯತ್ಯಾಸವಿಲ್ಲವಂತೆ. ಮೇಲಾಗಿ ಆ ಹುಡುಗಿ ನಿಜವಾಗಿಯೂ ಶಾಲೆ ಬಿಡುತ್ತಿದ್ದಾಳಲ್ಲ, ನಮ್ಮ ಡೇಟಾ ಹೇಳಿದ್ದೂ ಅದನ್ನೇ ಅಲ್ಲವೇ?

ನಾಳೆ ಸೆಮಿನಾರಿನಲ್ಲಿ ಕೋಷ್ಟಕ ನೀವೇ ಓದಿ, ಫೀಲ್ಡ್‌ನಲ್ಲಿ ಇದ್ದವರು ನೀವು ಎಂದರು. ವರದಿಯ ಕರಡು ಕಳಿಸಿದ್ದಾರೆ. ಕಾಗುಣಿತ ಮಾತ್ರ ನೋಡಿದರೆ ಸಾಕಂತೆ. ನೋಡಿದೆ. ಹೆಸರು ಗೋಪ್ಯ, ಅವಳು "ವಿದ್ಯಾರ್ಥಿನಿ 31". ತಿದ್ದಲು ಲ ಕೂಡ ಇಲ್ಲ.

ಮಲ್ಲಿಕ್‌ಗೆ ಫೋನ್ ಮಾಡಿದೆ. ನಿನ್ನೆಯಿಂದ ಇವತ್ತಿನವರೆಗೆ ಯಾರೂ ಆ ಮನೆಗೆ ಹೋಗಿಲ್ಲ. ಅನುಷಾ ಬೀದಿಯ ತಿರುವಿನ ತನಕ ಬಂದು ವಾಪಸ್ ಹೋದಳಂತೆ.

ನಾಳೆ 10.30ಕ್ಕೆ ಶಿವಮೊಗ್ಗದಲ್ಲಿ ಸೆಮಿನಾರ್. 11ಕ್ಕೆ ಭದ್ರಾವತಿಯಲ್ಲಿ ಟಿ.ಸಿ.