ಕಾಲಿಂಗ್ ಬೆಲ್ ಸರಿಯಾಗಿದೆ

ರಾಮನಗರ
ಅಕ್ಟೋಬರ್ ೨೦೦೭

ದೊಡ್ಡಲಕ್ಷ್ಮಮ್ಮನವರಿಗೆ, ನಿಮ್ಮ ಮಹಡಿಮನೆಯ ಬಾಡಿಗೆಯವನು ಲೋಕೇಶ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀವು ಸಾತನೂರಿಗೆ, ಮಗಳ ಮನೆಗೆ ಹೋದ ಮೇಲೆ ಕೆಳಗಿನ ಮನೆಯಲ್ಲಿ, ಅದನ್ನು ಬಾಡಿಗೆಗೆ ಹಿಡಿದ ಕಂಪನಿಯವರು ಬರೀ ರಟ್ಟಿನ ಪೆಟ್ಟಿಗೆ ತುಂಬಿದ್ದಾರೆ. ಫ್ಯಾಕ್ಟರಿಗೆ ಹಬ್ಬದ ರಜೆ ಇತ್ತು. ನಮ್ಮೂರು ಕುದೂರಿಗೆ ಹೋಗಲಿಲ್ಲ. ಕೂತು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಬಿಚ್ಚಿ ಸರಿಮಾಡಿದೆ. ಬೇರೇನೂ ಉಳಿಯದೆ ಕಾಲಿಂಗ್ ಬೆಲ್‌ಗೆ ಕೈ ಹಾಕಿದೆ. ನಾನು ಬಂದಾಗಿನಿಂದ ಅದು ಕೆಟ್ಟೇ ಇತ್ತು. ನೀವು ಮೆಟ್ಟಿಲ ಕೆಳಗಿಂದಲೇ “ಲೋಕೇಸಾ, ಇದ್ದೀಯೇನ್ಲಾ? ಬಂದು ಒಸಿ ಸಾರು ತಕ್ಕೊಂಡೋಗು” ಎಂದು ಕೂಗುತ್ತಿದ್ದಿರಿ, ಹಾಗಾಗಿ ಬೆಲ್ ಬೇಕೆನಿಸಿರಲಿಲ್ಲ.

ಗುಂಡಿಯ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಪೆನ್ನಿನದು ಹಾಕಿದೆ. ಹೊರಗೆ ನಿಂತು ನಾನೇ ಒತ್ತಿ ನೋಡಿದೆ, ಸದ್ದು ಬರುತ್ತದೆ. ಒಳಗೆ ಕೂತವನಿಗೆ ಹೇಗೆ ಕೇಳುತ್ತದೋ ಗೊತ್ತಿಲ್ಲ. ಅದಕ್ಕೆ ಒತ್ತುವವರು ಬೇರೆ ಇರಬೇಕಲ್ಲ.

ಮಗಳ ಜೊತೆ ರೇಷ್ಮೆಗೂಡು ಮಾರಲು ಮಾರ್ಕೆಟ್ಟಿಗೆ ಬಂದಾಗ ದಯವಿಟ್ಟು ಒಮ್ಮೆ ಮಹಡಿ ಹತ್ತಿ ಬನ್ನಿ. ಬಾಗಿಲು ತೆರೆದಿದ್ದರೂ ಸೀದಾ ಒಳಗೆ ಬರಬೇಡಿ, ಬೆಲ್ ಒತ್ತಿ. ನಾನು ತಕ್ಷಣ ಎದ್ದು ಬರದಿದ್ದರೆ, ಇಲ್ಲವೆಂದುಕೊಂಡು ಇಳಿದು ಹೋಗಬೇಡಿ. ಇನ್ನೊಮ್ಮೆ ಒತ್ತಿ. ಕೇಳಿಸಿಕೊಳ್ಳುತ್ತಾ ಒಳಗೇ ಕೂತಿರುತ್ತೇನೆ.

ಇಂತಿ,
ಮೇಲಿನ ಮನೆಯ ಲೋಕೇಶ